ಫೋನಿನ ಪೀಠಾರೋಹಣ

ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟ ಬಳುವಳಿ ಒಂದು ಶ್ರುತಿ ಪೆಟ್ಟಿಗೆ. ಅದರ ಜೊತೆಗೆ ಅದನ್ನು ಒತ್ತುವ ಉದ್ಯೋಗವೂ ಬಂತು. ಈ ಎರಡನೆಯ ವಿಷಯವನ್ನು ಮಾತುಕತೆಯ ದಿನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ!

ನನ್ನ ಹೆಂಡತಿ ಪದ್ಮಿನಿ ಗಮಕಿ. ಹಳೆಯ ಕಾವ್ಯಗಳನ್ನು ರಾಗವಾಗಿ ಓದುತ್ತಾಳೆ. ಪಕ್ಕದಲ್ಲಿ ಕೂತು ಶಾರದಾ ಟೀಚರ್ ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಗಮಕಕ್ಕೆ ತಬಲ ಬೇಡ, ಪಿಟೀಲು ಬೇಡ. ಶ್ರುತಿ ಒಂದಿದ್ದರೆ ಸಾಕು. ಶ್ರುತಿಗೆ ಗಂಡ ಒಬ್ಬನಿದ್ದರೆ ಸಾಕು. ಶಿವಮೊಗ್ಗದಲ್ಲಿ ಎಲ್ಲೇ ಕಾರ್ಯಕ್ರಮವಿರಲಿ, ವೇದಿಕೆಯ ಹಿಂಬದಿಯಲ್ಲಿ, ಬ್ಯಾನರಿನ ನೆರಳಿನಲ್ಲಿ, ಪೆಟ್ಟಿಗೆಯ ತಿದಿ ಒತ್ತುತ್ತಾ ಕೂತಿರುವ ಒಬ್ಬ ಬೋಳುತಲೆಯ ಮನುಷ್ಯನನ್ನು ನೀವು ನೋಡಿರಬಹುದು. ನೋಡಿರಲಿಕ್ಕಿಲ್ಲ. ಯಾರೂ ನೋಡುವುದಿಲ್ಲ. ಅದು ನಾನೇ.

ಹೋದ ಚಳಿಗಾಲದಲ್ಲಿ ಮಾತ್ರ ಒಮ್ಮೆ ಎಲ್ಲರೂ ನೋಡಿದರು. ಕಾವ್ಯದಲ್ಲಿ ಘೋರ ಯುದ್ಧ ನಡೆಯುತ್ತಿತ್ತು. ನನಗೆ ಮಧ್ಯಾಹ್ನ ಹೋಳಿಗೆ ಊಟವಾಗಿತ್ತು. ಆನೆಗಳು ಘೀಳಿಡುವ ಹೊತ್ತಿಗೆ ನನ್ನ ಕಣ್ಣು ಮುಚ್ಚಿತು. ತಿದಿಯೂ ಮುಚ್ಚಿತು. ಶ್ರುತಿ ಗಾಳಿ ಹೋದ ಸೈಕಲ್ ಟ್ಯೂಬಿನಂತೆ ಸುಂಯ್ ಎಂದು ಇಳಿದು ನಿಂತೇಹೋಯಿತು. ಆಮೇಲೆ ಸಭೆಗೆ ಕೇಳಿಸಿದ್ದು ನನ್ನ ಗೊರಕೆ ಒಂದೇ. ಅದೂ ಶ್ರುತಿಗೆ ಸೇರಿರಲಿಲ್ಲವಂತೆ!

ಮನೆಗೆ ಬಂದ ಮೇಲೆ ಪದ್ಮಿನಿ ಹುಳಿಯ ಪಾತ್ರೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟಳು.

ಅದಾಗಿ ಕೆಲವು ದಿನಕ್ಕೆ ಭದ್ರಾವತಿಯಿಂದ ಕರೆ ಬಂತು. ಅದು ಪದ್ಮಿನಿಯ ತವರು. ಅಲ್ಲಿನ ಮಹಿಳಾ ಮಂಡಳಿಯ ಅಧ್ಯಕ್ಷೆ ಕಮಲಮ್ಮನವರು, “ನಮ್ಮ ಬೀದಿ ಹುಡುಗಿ ನೀನು, ನಮ್ಮೂರಲ್ಲಿ ಒಂದ್ಸಲ ಓದ್ಬೇಕು” ಅಂದರು. ಊರೂರು ತಿರುಗಿದ ಪದ್ಮಿನಿ ತನ್ನ ಸ್ವಂತ ಊರಿನಲ್ಲಿ ಒಮ್ಮೆಯೂ ಓದಿರಲಿಲ್ಲ. ಆದರೆ ಅವಳ ಕಳವಳ ಊರಿನದಲ್ಲ, ಅಪ್ಪನದು. ಮಾವನವರು ಭದ್ರಾವತಿಯ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು, ಈಗ ಮಗನ ಮನೆಯಲ್ಲಿದ್ದಾರೆ. ಪದ್ಮಿನಿಗೆ ಗಮಕ ಕಲಿಸಿದ್ದೂ ಅವರೇ, ಅವಳು ಲಂಗ ಹಾಕುತ್ತಿದ್ದ ಕಾಲದಲ್ಲಿ ಆ ಪೆಟ್ಟಿಗೆ ಒತ್ತಿದ್ದೂ ಅವರೇ. ವಯಸ್ಸಾಗಿ ಕಿವಿ ಮಂದವಾದ ಮೇಲೆ ಮಗಳ ಕಾರ್ಯಕ್ರಮಕ್ಕೆ ಬರುವುದನ್ನೇ ಬಿಟ್ಟಿದ್ದರು.

“ಕೇಳಿಸ್ದೆ ಇರೋನು ಮುಂದೆ ಕೂತು ತಲೆ ಆಡಿಸೋದು ಮೋಸ ಕಣಮ್ಮ,” ಎನ್ನುತ್ತಿದ್ದರು.

“ಅಪ್ಪ ಈ ಸಲ ನಾನು ಓದೋದನ್ನ ಕೇಳ್ಬೇಕು ರೀ. ನನಗೆ ಅಷ್ಟೇ ಸಾಕು,” ಎಂದಳು ಪದ್ಮಿನಿ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಸೇರಿಸಿದಳು, “ನೀವು ನಿದ್ದೆ ಮಾಡ್ದೇ ಇದ್ರೆ.”

ಆ ಕ್ಷಣದಲ್ಲಿ ನಾನು ಶಪಥ ಮಾಡಿದೆ. ಇನ್ನು ಮುಂದೆ ನಮ್ಮ ಮನೆಯ ಶ್ರುತಿ ಮನುಷ್ಯರ ನಿದ್ದೆಯನ್ನು ಅವಲಂಬಿಸತಕ್ಕದ್ದಲ್ಲ!

ಶಾರದಾ ಟೀಚರ್ ಒಂದು ಮಾತು ಹೇಳಿದರು. “ಅಂಗಡೀಲಿ ಕರೆಂಟಿನ ಶ್ರುತಿ ಪೆಟ್ಟಿಗೆ ಸಿಗುತ್ತಲ್ರಿ. ಸ್ವಿಚ್ ಹಾಕಿದ್ರೆ ಆಯ್ತು.” ಇಷ್ಟು ಸುಲಭವಾದ ಉಪಾಯ ನನಗೆ ಹಿಡಿಸಲಿಲ್ಲ. ನಾನೇನು ಸಾಮಾನ್ಯನೇ? ನಮ್ಮ ಕಚೇರಿಯಲ್ಲಿ ಕಂಪ್ಯೂಟರಿಗೆ ಏನೇ ಆದರೂ ನನ್ನನ್ನೇ ಕರೆಯುತ್ತಾರೆ. ಹೋಗಿ ಆರಿಸುತ್ತೇನೆ. ಮತ್ತೆ ಹಾಕುತ್ತೇನೆ. ಸರಿಹೋಗುತ್ತದೆ. ಇಂಥ ತಜ್ಞನ ಫೋನಿನಲ್ಲಿ ಶ್ರುತಿಯ ಆ್ಯಪ್ ಇರುವಾಗ ಮತ್ತೊಂದು ಪೆಟ್ಟಿಗೆ ಯಾಕೆ?

ನೆಹರು ರಸ್ತೆಯ ಅಂಗಡಿಯಿಂದ ಒಂದು ಡಾಕ್ ತಂದೆ. ಡಾಕ್ ಎಂದರೆ ಫೋನನ್ನು ಕೂರಿಸುವ ಪೀಠ. ಕೂತ ಫೋನಿಗೆ ಅಲ್ಲೇ ಚಾರ್ಜ್ ಆಗುತ್ತದೆ, ಪೀಠದೊಳಗಿನ ಸ್ಪೀಕರಿನಿಂದ ಫೋನಿನ ದನಿ ದೊಡ್ಡದಾಗಿ ಹೊರಗೆ ಬರುತ್ತದೆ. ಕಪ್ಪು ಬಣ್ಣ, ಮುಂದೆ ಅಗಲವಾದ ಹಣೆ, ಹಣೆಯ ನಡುವೆ ದುಂಡಗಿನ ಒಂದೇ ಒಂದು ಗುಂಡಿ. ನೋಡಿದರೆ ಕೈಮುಗಿಯಬೇಕು ಅನ್ನಿಸುವಂತಿತ್ತು. ಸೋಮವಾರ ಸಂಜೆ ನಮ್ಮ ಮನೆಯ ಹಾಲಿನಲ್ಲಿ ಫೋನಿನ ಪೀಠಾರೋಹಣ ವಿಧ್ಯುಕ್ತವಾಗಿ ನೆರವೇರಿತು.

ಆದರೆ ಪೀಠ ಸುಮ್ಮನಿತ್ತು. ಜೊತೆಗೆ ಬಂದ ಪುಸ್ತಿಕೆ ತೆಗೆದೆ. ಅದರಲ್ಲಿ ಲೋಕದ ಭಾಷೆಗಳೆಲ್ಲ ಇದ್ದವು, ಕನ್ನಡ ಒಂದು ಬಿಟ್ಟು. ಬ್ಲೂಟೂತಿನಲ್ಲಿ ಫೋನಿಗೂ ಪೀಠಕ್ಕೂ ಗಂಟು ಹಾಕಬೇಕಂತೆ. ಹುಡುಕು ಎಂದರೆ ಫೋನು ಸುತ್ತಮುತ್ತ ಗಂಟು ಹಾಕಲು ಯೋಗ್ಯರಾದವರ ಪಟ್ಟಿಯನ್ನೇ ಮುಂದಿಟ್ಟಿತು. ಎಲ್ಲಾ ಬರೀ ಅಕ್ಷರ, ಅಂಕಿ. ಮೊದಲು ಕಂಡದ್ದನ್ನೇ ಒಪ್ಪಿಕೊಂಡೆ. ನಮ್ಮ ಕಾಲದಲ್ಲಿ ಹಾಗೇ ಅಲ್ಲವೇ?

ಗಂಟು ಬಿತ್ತು ಎಂದು ಫೋನು ಹೇಳಿತು. ಶ್ರುತಿ ಹಾಕಿದೆ. ನಿಶ್ಶಬ್ದ. ದನಿ ಏರಿಸಿದೆ. ಇನ್ನೂ ನಿಶ್ಶಬ್ದ. ಪೂರ್ತಿ ಏರಿಸಿದೆ. ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮಹಡಿಯ ಮನೆಯ ಗಿರಿಜಕ್ಕ!

“ಅಣ್ಣಾ, ನೀವು ಕಂಪ್ಯೂಟರ್ ಗೊತ್ತಿರೋರಲ್ವಾ, ಸ್ವಲ್ಪ ಬಂದು ನೋಡಿ. ನಮ್ಮ ಟಿವಿ ಸ್ಪೀಕರಿಗೆ ಏನೋ ಬಂದು ಸೇರ್ಕೊಂಡಿದೆ. ಧಾರಾವಾಹೀಲಿ ಸೊಸೆ ಬಾಯಿ ತೆಗೆದ್ರೆ ಗುಂಯ್ ಅನ್ನುತ್ತೆ. ಅತ್ತೆ ಬಾಯಿ ತೆಗೆದ್ರೂ ಗುಂಯ್ ಅನ್ನುತ್ತೆ. ನಮ್ಮತ್ತೆ ಅಂತೂ ಇದು ಓಂಕಾರ ಅಂತ ದೀಪ ಹಚ್ಚಿಟ್ಕೊಂಡು ಕೂತಿದಾರೆ.”

ನಾನು ಗಂಭೀರವಾಗಿ ಮೇಲೆ ಹೋದೆ. ಗಂಭೀರವಾಗಿ ಟಿವಿಯ ಹಿಂದೆ ಇಣುಕಿದೆ. ಜೇಬಿನೊಳಗೆ ಕೈಹಾಕಿ ಗುಟ್ಟಾಗಿ ಶ್ರುತಿ ನಿಲ್ಲಿಸಿದೆ. ಗಿರಿಜಕ್ಕ ಕಾಫಿ ಕೊಟ್ಟರು, ಅದನ್ನೂ ಕುಡಿದೆ.

ಕೆಳಗೆ ಬಂದು ಈ ಸಲ ಪೀಠದ ಜೊತೆಗೇ ಗಂಟು ಹಾಕಿದೆ. ಆಹಾ, ಎಂಥ ಶ್ರುತಿ! ಪದ್ಮಿನಿಯೂ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಸಂತೋಷದಿಂದ ಗುಂಡಿ ಒತ್ತಿ ಪೀಠವನ್ನು ಆರಿಸಿದೆ, ಶ್ರುತಿ ಕೂಡಲೇ ಮಹಡಿ ಹತ್ತಿತು! ಮೇಲಿನಿಂದ ಗಂಟೆಯ ಸದ್ದು ಕೇಳಿತು. ಗಿರಿಜಕ್ಕನ ಅತ್ತೆ ಮಂಗಳಾರತಿ ಶುರುಮಾಡಿದ್ದರು.

ಆಗ ನನಗೆ ಈ ಬ್ಲೂಟೂತಿನ ಗುಣ ತಿಳಿಯಿತು. ಪೀಠದ ಮೇಲೆ ಕೂತ ಮಾತ್ರಕ್ಕೆ ಫೋನು ಪೀಠದ್ದಾಗುವುದಿಲ್ಲ. ಅಲ್ಲಿ ಅದಕ್ಕೆ ಸಿಗುವುದು ಊಟ ಮಾತ್ರ. ದನಿ ಗಾಳಿಯಲ್ಲಿ ಹೋಗುತ್ತದೆ. ಒಮ್ಮೆ ಗಂಟು ಬಿದ್ದವರನ್ನೆಲ್ಲ ಫೋನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದೆ. ಒಬ್ಬರು ಕೈಬಿಟ್ಟರೆ ಹತ್ತಿರ ಇರುವ ಮತ್ತೊಬ್ಬರ ಬಳಿಗೆ ಓಡುತ್ತದೆ. ಮಹಡಿಯ ಸಂಬಂಧವನ್ನು ಅಲ್ಲೇ ಕಡಿದು ಹಾಕಿದೆ. ಈ ಪಾಠವನ್ನು ಚೆನ್ನಾಗಿ ನೆನಪಿಟ್ಟುಕೊಂಡೆ, ಭಾನುವಾರದವರೆಗೆ.

ಭಾನುವಾರ ಭದ್ರಾವತಿಗೆ ಹೊರಡುವಾಗ ಪದ್ಮಿನಿ ಹೇಳಿದಳು, “ಯಾವುದಕ್ಕೂ ಹಳೇ ಪೆಟ್ಟಿಗೇನೂ ಇಟ್ಕೊಳ್ಳಿ ಮಾರಾಯ್ರೆ.”

“ಎಲ್ಲಾ ಇಟ್ಟಿದೀನಿ ಮಾರಾಯ್ತಿ. ನೀನು ನಿನ್ನ ಗಂಟಲು ನೋಡ್ಕೋ.”

ಇಟ್ಟಿದ್ದು ನಿಜ. ಎಲ್ಲಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಭದ್ರಾವತಿಯಲ್ಲಿ ಮಾವನವರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. “ಬನ್ನಿ ಅಳಿಯಂದಿರೇ!” ಎಂದರು. ಕಾರ್ಖಾನೆಯ ಯಂತ್ರಗಳ ನಡುವೆ ಮಾತಾಡಿ ಪಳಗಿದ ಗಂಟಲು ಅದು, ಎದುರು ಮನೆಯ ಅಳಿಯನೂ ತಿರುಗಿ ನೋಡಿದ. ಭಾವಮೈದ ತಂದುಕೊಟ್ಟ ಹೊಸ ಕಿವಿ ಮಿಷನ್ ಡಬ್ಬಿಯಲ್ಲೇ ಮಲಗಿತ್ತು.

“ಹಾಕ್ಕೋ ಅಪ್ಪ, ಇವತ್ತೊಂದಿನ,” ಎಂದಳು ಪದ್ಮಿನಿ.

“ಬೇಡಮ್ಮ. ಅದನ್ನ ಹಾಕ್ಕೊಂಡ್ರೆ ಕಿವೀಲಿ ಜೀರುಂಡೆ ಕೂಗ್ದಂಗೆ ಆಗುತ್ತೆ. ನೀನು ಹೋಗಿ ಓದು. ನಾನು ಮನೇಲೇ ಇದ್ದು ನಿಂಗೆ ಒಳ್ಳೇದಾಗ್ಲಿ ಅಂತೀನಿ.”

ಪದ್ಮಿನಿ ಒಳಗೆ ಹೋದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಡಬ್ಬಿಯ ಮೇಲೆ ನೋಡಿದರೆ ಬ್ಲೂಟೂತಿನ ಗುರುತು! ಇದು ನನ್ನ ಇಲಾಖೆ. ಮಿಷನ್ನನ್ನು ನನ್ನ ಫೋನಿನ ಜೊತೆ ಗಂಟು ಹಾಕಿ, ಅದರ ಆ್ಯಪ್ ಇಳಿಸಿ, ಮಾವನವರ ಕಿವಿಗಿಟ್ಟು, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಹದಮಾಡಿದೆ. ಈ ಆಟದಲ್ಲಿ ಫೋನಿನ ಚಾರ್ಜು ಅರ್ಧಕ್ಕಿಂತ ಕೆಳಗೆ ಬಂತು. ಆದರೂ ಒಂದು ಹಂತದಲ್ಲಿ ಮಾವನವರು ಹುಬ್ಬೇರಿಸಿ ಕೂತುಬಿಟ್ಟರು.

“ಯಾರದು ಅಷ್ಟು ಜೋರಾಗಿ ಪೇಪರ್ ಮಗುಚೋದು?”

ಅವರೇ ಮಗುಚುತ್ತಿದ್ದರು.

“ಜೀರುಂಡೆ ಹೋಯ್ತು ಅಳಿಯಂದಿರೇ! ಸರಿ, ಬರ್ತೀನಿ. ಆದ್ರೆ ಕೇಳಿಸ್ಲಿಲ್ಲ ಅಂದ್ರೆ ಮಧ್ಯದಲ್ಲೇ ಎದ್ದು ಬರೋನೇ. ಆಮೇಲೆ ಯಾರೂ ಬಲವಂತ ಮಾಡ್ಬಾರ್ದು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪದ್ಮಿನಿ ನನ್ನನ್ನು ನೋಡಿದ ನೋಟ ಇತ್ತಲ್ಲ, ಅಂಥ ನೋಟ ನನಗೆ ಧಾರೆಯ ದಿನವೂ ಸಿಕ್ಕಿರಲಿಲ್ಲ. ನಾನು ಎರಡು ಇಂಚು ಎತ್ತರವಾದೆ.

ಅದೇ ಊರಿನ ಜನ್ನಾಪುರ ಬಡಾವಣೆಯ ಸಣ್ಣ ಸಭಾಂಗಣ ತುಂಬಿತ್ತು. ಮಾವನವರಿಗೆ ಮೊದಲ ಸಾಲಿನಲ್ಲೇ ಕುರ್ಚಿ. ವೇದಿಕೆಯ ಮೇಲೆ ರೇಷ್ಮೆ ಶಾಲು ಹಾಸಿ ಪೀಠವನ್ನು ಇಟ್ಟೆ. ಫೋನನ್ನು ಕೂರಿಸಿದೆ. ಪರೀಕ್ಷೆ ಮಾಡಿದೆ, ಶ್ರುತಿ ಸೊಗಸಾಗಿ ಬಂತು. ಪೀಠದ ಮುಂದೆ ಮೈಕನ್ನೂ ಬಾಗಿಸಿದೆ. ಇನ್ನು ನಾನು ಹೋಳಿಗೆ ಊಟ ಮಾಡಿದರೂ ಯಾರಿಗೂ ತೊಂದರೆಯಿಲ್ಲ!

ಆಗ ಕಮಲಮ್ಮನವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ವೇದಿಕೆ ಹತ್ತಿದರು. ಶ್ರುತಿಗೆ ಪೂಜೆಯಾಗದೆ ವಾಚನ ಶುರುವಾಗುವುದುಂಟೇ? ಹಳೆಯ ಪೆಟ್ಟಿಗೆಗೂ ಪ್ರತಿ ಸಲ ಕುಂಕುಮ ಇಡುವುದು ರೂಢಿ. ಕಮಲಮ್ಮನವರು ಹೊಸ ಪೀಠವನ್ನು ಒಮ್ಮೆ ಭಕ್ತಿಯಿಂದ ನೋಡಿದರು. ಕುಂಕುಮ ಎಲ್ಲಿಡಬೇಕು ಎಂಬ ಅನುಮಾನವೇ ಬರದ ಹಾಗೆ ಹಣೆಯ ಮಧ್ಯದಲ್ಲಿ ದುಂಡಗಿನ ಜಾಗ ಇತ್ತಲ್ಲ! ಉಂಗುರದ ಬೆರಳಿಗೆ ನೀರು ಮುಟ್ಟಿಸಿ, ಕುಂಕುಮ ತೆಗೆದು, ಉದುರಬಾರದು ಎಂದು ಗಟ್ಟಿಯಾಗಿ ಒತ್ತಿ ಹಿಡಿದು ಇಟ್ಟರು.

ಪೀಠ ಟುಣ್ ಎಂದಿತು.

ಕುಂಕುಮ ಸ್ವೀಕರಿಸಿತು ಎಂದುಕೊಂಡೆ. ಸಭೆಯಲ್ಲಿ ಇಬ್ಬರು ಕೈಯನ್ನೂ ಮುಗಿದರು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಪದ್ಮಿನಿ ಕಣ್ಣು ಮುಚ್ಚಿ, ಕೈಮುಗಿದು, ನನಗೆ ತಲೆಯಾಡಿಸಿ ಸನ್ನೆ ಮಾಡಿದಳು. ಆ್ಯಪಿನಲ್ಲಿ ಶ್ರುತಿ ಒತ್ತಿದೆ.

ನಿಶ್ಶಬ್ದ.

ಮೊದಲ ಸಾಲಿನಲ್ಲಿ ಮಾವನವರು ಮಾತ್ರ ಕೂತಲ್ಲೇ ನೆಟ್ಟಗಾದರು. ನಾನು ಗಮನಿಸಲಿಲ್ಲ. ದನಿ ಏರಿಸಿದೆ. ಮಾವನವರ ಕಣ್ಣು ಅಗಲವಾಯಿತು. ಇನ್ನಷ್ಟು ಏರಿಸಿದೆ.

“ಸಾಕು ಅಳಿಯಂದಿರೇ, ಸಾಕು! ಒಂಚೂರು ಇಳಿಸಿ!” ಎಂದು ಮಾವನವರು ಕೂಗಿದರು.

ಸೂಜಿ ಬಿದ್ದರೂ ಕೇಳುವಂತಿದ್ದ ಸಭೆ ಅವರ ಕಡೆ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ “ಪಾಪ, ವಯಸ್ಸು” ಎಂದರು. ಪದ್ಮಿನಿಯ ಮುಖ ಸಣ್ಣದಾಯಿತು. ಅವಳು ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

“ಏನೂ ಬರ್ತಿಲ್ಲ ರೀ. ಹಳೇ ಪೆಟ್ಟಿಗೆ ತನ್ನಿ, ಬೇಗ.”

“ಅದು ಅಟ್ಟದ ಮೇಲಿದೆ.”

“ಯಾವ ಅಟ್ಟ?”

“ಶಿವಮೊಗ್ಗದ್ದು.”

ಆಗ ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಬೆಳಿಗ್ಗೆ ಬೆಳೆದಿದ್ದ ಎರಡು ಇಂಚು ಅಲ್ಲೇ ಇಳಿಯಿತು, ಮೇಲೆ ಇನ್ನೆರಡನ್ನೂ ಕಳಕೊಂಡೆ. ಕಚೇರಿಯ ನನ್ನ ವಿದ್ಯೆ ನೆನಪಾಯಿತು: ಆರಿಸಿ ಮತ್ತೆ ಹಾಕುವುದು. ಆದರೆ ಆರಿಸಲು ಗುಂಡಿಯೇ ಕಾಣಲಿಲ್ಲ! ಅಲ್ಲಿ ಈಗ ಕುಂಕುಮವಿತ್ತು. ಕುಂಕುಮ ನೋಡಿದ ಮೇಲೆ ನನ್ನ ತಲೆಗೆ ಒಂದೊಂದಾಗಿ ಹೊಳೆಯಿತು. ಕುಂಕುಮದ ಅಡಿಯಲ್ಲಿ ಗುಂಡಿ. ಗುಂಡಿ ಒತ್ತಿದ್ದಕ್ಕೆ ಪೀಠ ಆರಿದೆ. ಪೀಠ ಕೈಬಿಟ್ಟಿದ್ದಕ್ಕೆ ಫೋನು ಹತ್ತಿರದ ಹಳೇ ಸಂಬಂಧಕ್ಕೆ ಓಡಿದೆ. ಯಾರದು ಆ ಸಂಬಂಧ? ಮೊದಲ ಸಾಲಿನ ಕುರ್ಚಿಯಲ್ಲಿ ಕೂತ ಎರಡು ಕಿವಿಗಳು!

ಇಡೀ ಸಭಾಂಗಣದಲ್ಲಿ ಶ್ರುತಿ ಕೇಳಿಸುತ್ತಿದ್ದದ್ದು ಒಬ್ಬರಿಗೇ. ಕಿವಿ ಕೇಳದ ನಮ್ಮ ಮಾವನವರಿಗೆ!

ಅಷ್ಟರಲ್ಲಿ ಅವರು ಎದ್ದು ನಿಂತೇಬಿಟ್ಟಿದ್ದರು. “ಯಾಕಮ್ಮ ಸುಮ್ನೆ ಕೂತಿದೀಯ? ಶ್ರುತಿ ಎಷ್ಟು ಚೆನ್ನಾಗಿ ಬರ್ತಿದೆ, ಶುರು ಮಾಡು.” ಸಭೆಯತ್ತ ತಿರುಗಿ ಕೇಳಿದರು, “ನಿಮಗ್ಯಾರಿಗೂ ಕೇಳಿಸ್ತಿಲ್ವಾ?”

ಇಷ್ಟು ವರ್ಷ ಊರೆಲ್ಲ ಅವರನ್ನು ಕೇಳುತ್ತಿದ್ದ ಪ್ರಶ್ನೆ.

“ಏನ್ ಜನಾನೋ! ಹಿಂಗೆ ಬರ್ತಿದೆಯಲ್ಲ,” ಎಂದವರೇ ಮಾವನವರು ಎದೆ ತುಂಬ ಉಸಿರೆಳೆದು ‘ಸಾ’ ಹಿಡಿದರು.

ಕಾರ್ಖಾನೆಯ ಯಂತ್ರಗಳನ್ನು ಮೀರಿಸಿದ ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ದನಿ ಸ್ವಲ್ಪ ಬಿರುಸು, ಆದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪದ್ಮಿನಿ ಬೆಚ್ಚಿ ತಲೆ ಎತ್ತಿದಳು. ಅದು ಅವಳ ಶ್ರುತಿ. ಚಿಕ್ಕಂದಿನಲ್ಲಿ ಪೆಟ್ಟಿಗೆಯ ತಿದಿ ಹರಿದಾಗಲೆಲ್ಲ ಅಪ್ಪ ಹೀಗೇ ಬಾಯಲ್ಲಿ ಶ್ರುತಿ ಕೊಡುತ್ತಿದ್ದರೆಂದು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಳು. ಈಗ ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕಾವ್ಯ ಎತ್ತಿಕೊಂಡಳು.

ಶಾರದಾ ಟೀಚರ್ ಎದ್ದುಹೋಗಿ ಮಾವನವರ ಕೈಹಿಡಿದು ವೇದಿಕೆಗೆ ಕರೆತಂದರು. ಅಪ್ಪ ಮಗಳು ಪಕ್ಕಪಕ್ಕ ಕೂತರು. ಅವಳು ಓದುವಾಗ ಇವರು ಶ್ರುತಿ ಹಿಡಿಯುವರು. ಟೀಚರ್ ಅರ್ಥ ಹೇಳುವಾಗ ಇವರು ಉಸಿರು ತಗೊಂಡು ಬಿಸಿನೀರು ಕುಡಿಯುವರು. ಅವಳು ಒಂದು ಕಡೆ ದನಿಯನ್ನು ಮೇಲಕ್ಕೆ ಒಯ್ದು ನಿಲ್ಲಿಸಿದಾಗ ಇವರು ಶ್ರುತಿಯನ್ನೂ ಬಿಟ್ಟು “ಭಲೇ ಮಗಳೇ!” ಅಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಅಷ್ಟು ಚೆನ್ನಾಗಿ ಅವಳು ಶಿವಮೊಗ್ಗದಲ್ಲಿ ಯಾವತ್ತೂ ಓದಿರಲಿಲ್ಲ, ಸತ್ಯ ಹೇಳಬೇಕು.

ಇತ್ತ ನನ್ನ ಪರಿಸ್ಥಿತಿ ಕೇಳಿ. ನಾನು ಯಾವುದನ್ನೂ ಮುಟ್ಟುವ ಹಾಗಿಲ್ಲ! ಪೀಠ ಹಾಕಿದರೆ ಫೋನು ಅತ್ತ ಓಡುತ್ತದೆ, ಮಾವನವರ ಕಿವಿಯ ಶ್ರುತಿ ನಿಲ್ಲುತ್ತದೆ. ಶ್ರುತಿ ನಿಂತರೆ ಅವರು ತಪ್ಪುತ್ತಾರೆ, ಅವರು ತಪ್ಪಿದರೆ ಇವಳು ತಪ್ಪುತ್ತಾಳೆ. ಮನೆಗೆ ಹೋದ ಮೇಲೆ ನನ್ನ ಗತಿ? ಕೈಕಟ್ಟಿ ಕೂತೆ. ನಮ್ಮ ದಾಂಪತ್ಯದಲ್ಲಿ ಏನೂ ಮಾಡದೆ ಉಪಕಾರ ಮಾಡಿದ ದಿನ ಅದೊಂದೇ.

ಆದರೆ ಆರಿದ ಪೀಠ ಊಟ ಹಾಕುವುದಿಲ್ಲವಲ್ಲ! ಕಾವ್ಯದಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಫೋನು ಚಾರ್ಜು ಮುಗಿದು ಕಪ್ಪಾಯಿತು. ಮುಗಿಯಿತು ಕಥೆ ಎಂದು ಮಾವನವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ‘ಸಾ’ ಹಿಡಿದೇ ಇದ್ದರು. ಅಲುಗಲಿಲ್ಲ. ಶ್ರುತಿ ಯಾವಾಗ ನಿಂತಿತೆಂದು ಅವರಿಗೆ ಗೊತ್ತೇ ಆಗಲಿಲ್ಲ. ಆನೆಗಳು ಘೀಳಿಟ್ಟವು, ಸೇನೆಗಳು ನುಗ್ಗಿದವು, ಮಂಗಳವಾಯಿತು. ಶ್ರುತಿ ಅಲ್ಲೇ ಇತ್ತು.

ಮುಗಿದ ಮೇಲೆ ಜನ ಮಾವನವರನ್ನು ಮುತ್ತಿಕೊಂಡರು. ಕಮಲಮ್ಮನವರು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಎಲ್ಲಿಂದ ಬಂತು ಎಂದು ನೋಡಿದೆ. ಪೀಠದ ಕೆಳಗೆ ಹಾಸಿದ್ದದ್ದು!

“ಕೇಳಿಸ್ತಾ ಅಪ್ಪ?” ಎಂದಳು ಪದ್ಮಿನಿ.

“ಎಲ್ಲಾ ಕೇಳಿಸ್ತು ಕಣೆ. ಕೊನೇ ಪದ್ಯದಲ್ಲಿ ಒಂದು ಕಡೆ ಉಸಿರು ಕದ್ದೆ ನೀನು. ಅದೂ ಕೇಳಿಸ್ತು.”

ಅವಳು ಅಳುತ್ತಾ ನಕ್ಕಳು. ಮಾವನವರು ನನ್ನ ಕಡೆ ತಿರುಗಿ, “ನಿಮ್ಮ ಮಿಷನ್ ಶ್ರುತಿ ಬಹಳ ಚೆನ್ನಾಗಿತ್ತು ಅಳಿಯಂದಿರೇ, ಅದಿಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ” ಎಂದರು. ನಾನು ಸತ್ತ ಫೋನನ್ನು ಮೆಲ್ಲಗೆ ಜೇಬಿಗಿಳಿಸಿ ವಿನಯದಿಂದ ಕೈಮುಗಿದೆ.

ಆ ವಿನಯಕ್ಕೆ ತಕ್ಕ ಫಲ ಸಿಕ್ಕಿದೆ. ಮಾವನವರು ಈಗ ಯಾವ ಕಾರ್ಯಕ್ರಮವನ್ನೂ ತಪ್ಪಿಸುವುದಿಲ್ಲ. ಕಿವಿ ಮಿಷನ್ ಹಾಕಿಕೊಂಡು ಮಗಳ ಪಕ್ಕದಲ್ಲಿ ಕೂತು, ಅಟ್ಟದಿಂದ ಇಳಿದು ಬಂದ ತಮ್ಮ ಹಳೆಯ ಪೆಟ್ಟಿಗೆಯನ್ನು ತಾವೇ ಒತ್ತುತ್ತಾರೆ. ನಿದ್ದೆ ಮಾಡುವುದಿಲ್ಲ. ಪೀಠವನ್ನು ಗಿರಿಜಕ್ಕನ ಅತ್ತೆ ದೇವರಮನೆಗೆ ಒಯ್ದಿದ್ದಾರೆ. ಟಿವಿಯಲ್ಲಿ ಓಂಕಾರ ನಿಂತಿದ್ದಕ್ಕೆ ಅವರು ಬಹಳ ನೊಂದಿದ್ದರು. ದಿನಾ ಸಂಜೆ ನಾನು ಮಹಡಿ ಹತ್ತಿ ಅದಕ್ಕೆ ಗಂಟು ಹಾಕಿಕೊಟ್ಟು ಬರಬೇಕು.

ಮೊನ್ನೆ ಮುಂದಿನ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಬಂತು. ವಾಚನ, ಪದ್ಮಿನಿ. ವ್ಯಾಖ್ಯಾನ, ಶಾರದಾ ಟೀಚರ್. ಶ್ರುತಿ, ಮಾವನವರು. ಇಷ್ಟು ವರ್ಷ ನಾನು ಒತ್ತಿದಾಗ ಆ ಪತ್ರಿಕೆಯಲ್ಲಿ ‘ಶ್ರುತಿ’ ಎಂಬ ಸಾಲೇ ಇರುತ್ತಿರಲಿಲ್ಲ! ನನ್ನ ಹೆಸರಿಗಾಗಿ ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಕೊನೆಗೆ ಸಿಕ್ಕಿತು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದಿದೆ. ಆ ಸರ್ವರಲ್ಲಿ ನಾನೂ ಒಬ್ಬ.